ಗೇಣೆತ್ತರದ ಅಂಚು

ಪೆರೇಸಂದ್ರ

"ನೇಪಾಳಾನೂ ಒಂದು ಫಾರಿನ್ನೇನೇ?" ಎಂದು ನನ್ನ ತಂಗಿ ಫೋನಿನಲ್ಲೇ ನಕ್ಕಳು. ಪಾಸ್‌ಪೋರ್ಟ್ ಬೇಡ, ವೀಸಾ ಬೇಡ, ವೋಟರ್ ಕಾರ್ಡ್ ತೋರಿಸಿದರೆ ಒಳಗೆ ಬಿಡುತ್ತಾರೆ ಎಂದಮೇಲೆ ಗೌರಿಬಿದನೂರಿಗೆ ಹೋಗಿಬಂದಷ್ಟೇ ಎಂಬುದು ಅವಳ ವಾದ. ಅವಳು ಒಮ್ಮೆ ಸಿಂಗಾಪುರಕ್ಕೆ ಹೋಗಿಬಂದವಳು. ಆ ಜಂಬ ಇನ್ನೂ ಇಳಿದಿಲ್ಲ. ಇರಲಿ. ಐವತ್ತು ದಾಟಿದ ನಾನು ನೋಡಿದ ಒಂದೇ ಪರದೇಶ ಅದು, ಮತ್ತು ನಾನು ಹೋದದ್ದು ಊರು ನೋಡಲಿಕ್ಕಲ್ಲ. ನಮ್ಮ ಶೆಡ್ಡಿನಲ್ಲಿ ಮಾಡಿ ಕಳಿಸಿದ ಒಂದು ಹೋಟೆಲ್ ಅಲ್ಲಿ ಕುಸಿದು, ಅದರಡಿ ಸಿಕ್ಕಿ ಒಬ್ಬ ಹೆಣ್ಣುಮಗಳು ಸತ್ತಿದ್ದಳು. ಆದ್ದರಿಂದ ಪಶುಪತಿನಾಥನ ದರ್ಶನ ಚೆನ್ನಾಗಾಯಿತಾ ಎಂದು ಯಾರೂ ಕೇಳಬೇಡಿ.

ಹೋಟೆಲ್ ಮಾಡಿ ಕಳಿಸುವುದು ಎಂದರೇನು ಎಂದು ಮೊದಲು ಹೇಳಬೇಕು. ನನ್ನ ಮಾವನವರು ಚಿಕ್ಕಬಳ್ಳಾಪುರದಲ್ಲಿ ಲಾರಿಗಳಿಗೆ ಬಾಡಿ ಕಟ್ಟುತ್ತಿದ್ದವರು. ರಸ್ತೆ ಅಗಲ ಮಾಡುತ್ತೇವೆಂದು ಜೆಸಿಬಿ ಬಂದಾಗಲೆಲ್ಲ ಪಕ್ಕದ ಇಡ್ಲಿ ಹೋಟೆಲ್ಲು, ಟೀ ಅಂಗಡಿಗಳ ಗೋಡೆ ಬೀಳುವುದನ್ನು ನೋಡಿ ನೋಡಿ ಅವರಿಗೊಂದು ಯೋಚನೆ ಬಂತು. ಲಾರಿಗೆ ಬಾಡಿ ಕಟ್ಟುವ ಹಾಗೆಯೇ ಹೋಟೆಲ್ಲಿಗೂ ಕಟ್ಟಿದರೆ? ಕಬ್ಬಿಣದ ಚೌಕಟ್ಟು, ತಗಡಿನ ಗೋಡೆ, ಒಳಗೇ ಒಲೆಕಟ್ಟೆ, ಗಲ್ಲಾ, ಕೈ ತೊಳೆಯುವ ತೊಟ್ಟಿ. ಬೋಲ್ಟ್ ಬಿಚ್ಚಿದರೆ ಗೋಡೆ ಗೋಡೆಯಾಗಿ ಬೇರೆಯಾಗಬೇಕು. ಲಾರಿಗೆ ಹೇರಿ ಇನ್ನೊಂದು ಕಡೆ ಇಳಿಸಿ ಬಿಗಿದರೆ ಅದೇ ದಿನ ಇಡ್ಲಿ ಬೇಯಬೇಕು. "ರಸ್ತೆ ಎತ್ತಗ್ ಓಡ್ತದೋ ಹೋಟ್ಲೂ ಅತ್ತಗೇ ಓಡ್ಲಿ ಬಿಡ್ರಪ್ಪ" ಎನ್ನುತ್ತಿದ್ದರು. ಜನ ಅದನ್ನು ಪೆಟ್ಟಿಗೆ ಹೋಟೆಲ್ ಎಂದು ಕರೆದರು. ಚಿಂತಾಮಣಿ ರಸ್ತೆಯಲ್ಲಿ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಎದುರು, ಗೌರಿಬಿದನೂರಿನ ಫ್ಯಾಕ್ಟರಿ ಗೇಟುಗಳಲ್ಲಿ, ಸಾದಲಿ ಕ್ರಾಸಿನಲ್ಲಿ ನಮ್ಮ ಪೆಟ್ಟಿಗೆಗಳು ನಿಂತವು. ಶೆಡ್ಡಿನಿಂದ ಹೊರಡುವ ಮುಂಚೆ ಅದರ ಒಲೆಯಲ್ಲೇ ಹಾಲು ಉಕ್ಕಿಸಿ, ಚಿತ್ರಾನ್ನ ಕಲಸಿ, ಕೊಂಡವರೂ ಮಾಡಿದವರೂ ಒಳಗೆ ಕೂತು ಉಣ್ಣಬೇಕು. ಇದು ಮಾವನವರು ಇಟ್ಟ ಪದ್ಧತಿ, ಇವತ್ತಿಗೂ ನಡೆಯುತ್ತಿದೆ.

ಅಂಚು ಬಂದದ್ದು ಚಿಂತಾಮಣಿ ರಸ್ತೆಯ ಒಬ್ಬ ಹೋಟೆಲ್ ಹೆಂಗಸಿನಿಂದ. ಪೆಟ್ಟಿಗೆಯ ಚಾವಣಿ ಮಟ್ಟಸ; ಅವಳು ಅದರ ಮೇಲೆ ಮೆಣಸಿನಕಾಯಿ ಹರವಿದ್ದಾಳೆ. ಲಾರಿಗಳು ಹೋದ ರಭಸಕ್ಕೆ ಅದೆಲ್ಲ ಹಾರಿಹೋಗಿದೆ. ಸೀದಾ ಶೆಡ್ಡಿಗೆ ಬಂದು ಮಾವನವರನ್ನು ನಿಲ್ಲಿಸಿಕೊಂಡು ಬೈದಳಂತೆ: "ಏಮಪ್ಪಾ, ಇದೇನ್ ಹೋಟ್ಲು ಮಾಡ್ಕೊಟ್ಟೆ? ನನ್ ಮೆಣಸಿನಕಾಯೆಲ್ಲಾ ಆಂಧ್ರಕ್ಕೆ ಹೊಂಟೋಯ್ತು!" ಮಾವನವರು ನಕ್ಕು, ಮಾರನೆಯ ದಿನವೇ ಹೋಗಿ ಚಾವಣಿಯ ಸುತ್ತ ಗೇಣೆತ್ತರದ ತಗಡಿನ ಅಂಚು ಹೊಡೆದುಕೊಟ್ಟರು. ಮಳೆನೀರು ಹೋಗಲು ಮೂಲೆಗೊಂದು ತೂತು. ಅಲ್ಲಿಂದ ಮುಂದೆ ಅಂಚಿನ ಪೆಟ್ಟಿಗೆ ಎಂದರೆ ನಮ್ಮದೇ. ಹೋಟೆಲ್ ನಡೆಸುವ ಹೆಂಗಸರು ಅದರ ಮೇಲೆ ಸಂಡಿಗೆ, ಹುಣಸೆಹಣ್ಣು, ಅವರೆಕಾಳು ಎಲ್ಲ ಒಣಗಿಸುತ್ತಾರೆ. ಗಂಡಸರು ಬಂದು ಒಲೆ ನೋಡುತ್ತಾರೆ, ಹೆಂಗಸರು ಬಂದು ಏಣಿ ಕೇಳುತ್ತಾರೆ.

ಈಗ ಟೋಲ್ ಗೇಟುಗಳ ಹತ್ತಿರ ಗಾಜಿನ ಫುಡ್ ಕೋರ್ಟುಗಳು ಎದ್ದಮೇಲೆ ನಮ್ಮ ಪೆಟ್ಟಿಗೆಯನ್ನು ಕೇಳುವವರು ಕಡಿಮೆ. ಮಾವನವರು ಹೋದರು. ನಮ್ಮ ಯಜಮಾನರಿಗೆ ಬೆನ್ನುನೋವು. ಟೀವಿಯ ಮುಂದೆ ಮಾತ್ರ ಅದು ಕಾಣಿಸುವುದಿಲ್ಲ. ಶೆಡ್ಡು ನೋಡಿಕೊಳ್ಳುವವಳು ನಾನು, ವೆಲ್ಡಿಂಗ್ ಮಾಡುವವನು ಮಾವನವರ ಕಾಲದಿಂದ ಇರುವ ಅಮೀರ್‌ಜಾನ್. ಹೀಗಿರುವಾಗ ಬಂದ ಒಂದು ಒಳ್ಳೆಯ ಕೆಲಸ ದಿಲ್ ಬಹಾದುರನದು.

ದಿಲ್ ಮೀಸೆ ಮೂಡುವ ಮುಂಚೆಯೇ ನೇಪಾಳದಿಂದ ಬಂದವನು. ಪೆರೇಸಂದ್ರದ ನಮ್ಮ ಶೆಡ್ಡಿನ ಎದುರಿಗಿದ್ದ ಪೆಟ್ಟಿಗೆಯಲ್ಲೇ ಗೋಬಿ, ಮೋಮೊ ಮಾಡುತ್ತ ಬೆಳೆದ. ಊರಿಗೆ ಹೋಗಿ ಸುಕ್‌ಮಾಯಾಳನ್ನು ಮದುವೆಯಾಗಿ ಕರೆತಂದ. ಅವಳು ಬಂದ ವರ್ಷದಲ್ಲೇ ಕನ್ನಡ ಕಲಿತು ನನಗೇ ತಿರುಗಿ ಜವಾಬು ಕೊಡುವಂತಾದಳು. ಮಗಳು ಆಶಾ ಹುಟ್ಟಿದ್ದು ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ, ಅಂಗನವಾಡಿಗೆ ಹೋದದ್ದು ಪೆರೇಸಂದ್ರದಲ್ಲಿ, ಸಂಜೆಯೆಲ್ಲ ಬಿದ್ದಿರುತ್ತಿದ್ದದ್ದು ನಮ್ಮ ಶೆಡ್ಡಿನಲ್ಲಿ. ನನ್ನನ್ನು ದೊಡ್ಡಮ್ಮ ಎನ್ನುತ್ತಿದ್ದಳು. ಎರಡು ವರ್ಷದ ಹಿಂದೆ ದಿಲ್ ಬಂದು, ತಮ್ಮ ಬೆಟ್ಟಕ್ಕೆ ಹೊಸದಾಗಿ ರಸ್ತೆ ಬಂದಿದೆ, ತಿರುವಿನಲ್ಲಿ ಸ್ವಂತ ಹೋಟೆಲ್ ಇಡಬೇಕು, ಇದೇ ತರದ ಪೆಟ್ಟಿಗೆ ಬೇಕು ಎಂದ.

ಆ ಪೆಟ್ಟಿಗೆಗೆ ತಗಡು ಹೊಡೆಯುವ ಮುಂಚೆ ಒಂದು ಮಾತು ನಡೆಯಿತು. ಅಮೀರ್‌ಜಾನ್ ಕೇಳಿದ: "ಅಲ್ಲಿ ಹಿಮ ಬೀಳ್ತದಂತಲ್ಲಮ್ಮಾ. ಮೇಲಿಂದು ಇಳಿಜಾರು ಮಾಡಣ?"

"ಇಳಿಜಾರು ಬ್ಯಾಡ ಭಾಯ್" ಎಂದಳು ಸುಕ್‌ಮಾಯಾ. "ಮಟ್ಟಸಾನೇ ಇರ್ಲಿ, ಅಂಚೂ ಬೇಕು. ಸೊಪ್ಪು ಒಣಗಿಸ್ಬೇಕು ನಾನು."

"ಹಿಮ ಬಿದ್ರೆ ನಾನು ಹತ್ತಿ ನೂಕ್ತೀನಿ ಬಿಡಿ" ಎಂದ ದಿಲ್.

ನಾವು ಹಿಮವನ್ನು ಕಂಡದ್ದು ಟೀವಿಯಲ್ಲಿ. ಹತ್ತಿಯ ಹಾಗೆ ಇರುತ್ತದೆ, ಹತ್ತಿಗೇನು ಭಾರ? "ಅಡಿಗೆ ಮಾಡೋಳು ಅವ್ಳು, ಕೇಳಿದ್ದು ಕೊಡಪ್ಪ" ಎಂದೆ ನಾನು ಅಮೀರ್‌ಜಾನನಿಗೆ. ಕೊಟ್ಟೆವು. ಚಿತ್ರಾನ್ನ ಉಂಡೆವು. ಪೆಟ್ಟಿಗೆ ಹೋಯಿತು.

ಈ ವರ್ಷ ಮಾಘದ ಚಳಿಯಲ್ಲಿ ದಿಲ್ ಫೋನ್ ಮಾಡಿದ. ತಾನು ಸಾಮಾನು ತರಲು ಕೆಳಗಿನ ಪೇಟೆಗೆ ಹೋಗಿದ್ದೆ, ರಾತ್ರಿಯಿಡೀ ಹಿಮ ಬಿತ್ತು, ಬೆಳಗ್ಗೆ ಒಲೆ ಹಚ್ಚಲು ಹೋದ ಸುಕ್‌ಮಾಯಾಳ ಮೇಲೆ ಚಾವಣಿ ಬಿತ್ತು ಎಂದ. ಆಮೇಲೆ ಅಳು. ಅವನ ಅತ್ತೆ, ಸುಕ್‌ಮಾಯಾಳ ತಾಯಿ, ಆಶಾಳನ್ನು ತನ್ನ ಮನೆಗೆ ಎಳೆದುಕೊಂಡು ಹೋಗಿದ್ದಾಳೆ. ಟೇಬಲ್ಲಿಗೆ ಜಾಗ ಮಾಡಲು ಚಾವಣಿ ಹೊತ್ತ ನಡುವಿನ ಕಂಬ ತೆಗೆದು ನನ್ನ ಮಗಳನ್ನು ಕೊಂದವನು ನೀನು, ಈ ಅಂಗಳಕ್ಕೆ ಕಾಲಿಡಬೇಡ ಎಂದಿದ್ದಾಳೆ.

"ನೀವ್ ಒಂದ್ಸಲ ಬಂದು ನೋಡಿ ಅಕ್ಕಾ. ನೋಡಿದ್ದನ್ನ ನಮ್ಮತ್ತೆಗೆ ಹೇಳಿ. ಮಗೂನ ಕೊಡಿಸಿ" ಎಂದ. "ಅದು ಬಿಟ್ರೆ ನಂಗಿನ್ಯಾರಿದ್ದಾರೆ?"

ನಿಜ ಹೇಳುತ್ತೇನೆ, ನನಗೂ ಅದೇ ಅನುಮಾನವಿತ್ತು. ಕಂಬ ಅಡ್ಡ ಬರುತ್ತದೆ, ತೆಗೆಯಬಹುದಾ ಎಂದು ಅವನು ಒಮ್ಮೆ ಫೋನಿನಲ್ಲಿ ಕೇಳಿದ್ದ, ನಾನು ಬೈದಿದ್ದೆ. ತೆಗೆದಿದ್ದರೆ ಅಲ್ಲೇ ನಾಲ್ಕು ಬಾರಿಸಿ ಬರೋಣ ಎಂದುಕೊಂಡೇ ಹೊರಟೆ. ಹಿಂದಿ ಬರುವವನು ಬೇಕೆಂದು ಅಮೀರ್‌ಜಾನನನ್ನು ಜೊತೆಗೆ ಕರೆದುಕೊಂಡೆ.

ಕಠ್ಮಂಡು

ಪರದೇಶ ಎಂದರೆ ಅಲ್ಲಿಯ ಹೊತ್ತೇ ಬೇರೆ ಇರಬೇಕು ಎಂದು ತಂಗಿ ಹೇಳಿದ್ದಳು. ಇದೆ, ನಮಗಿಂತ ಕಾಲು ಗಂಟೆ ಮುಂದೆ. ಇಷ್ಟಕ್ಕೆ ಒಂದು ದೇಶ ಬೇರೆ ಗಡಿಯಾರ ಇಟ್ಟುಕೊಳ್ಳಬೇಕೇ ಎಂದು ನಾನು ವಾಚು ತಿರುಗಿಸಲಿಲ್ಲ. ಆ ಹಠದಿಂದ ಮಾರನೆಯ ಬೆಳಗ್ಗೆ ಪೋಖರಾ ಬಸ್ಸು ನಮ್ಮ ಕಣ್ಣೆದುರೇ ಹೊರಟುಹೋಯಿತು. "ಗಾಡಿ ಹೋಯ್ತಲ್ಲಮ್ಮಾ" ಎಂದ ಅಮೀರ್‌ಜಾನ್. ನನ್ನನ್ನು ಬೈಯುವ ಧೈರ್ಯ ಅವನಿಗಿಲ್ಲ, ಆದರೆ ಆಮೇಲೆ ದಿನವೆಲ್ಲ ತನ್ನ ವಾಚನ್ನೇ ನೋಡುತ್ತಿದ್ದ.

ಅದಕ್ಕೂ ಮುಂಚೆ ವಿಮಾನ ನಿಲ್ದಾಣದಲ್ಲಿ ನನ್ನ ಚಟ್ನಿಪುಡಿಯ ಡಬ್ಬ ತೆಗೆಸಿ ಮೂಸಿದರು. ಮೂಸಿದವನು ಸೀನಿದ, ಅವನ ಪಕ್ಕದವನೂ ಸೀನಿದ. ಸುಕ್‌ಮಾಯಾ ಆ ಪುಡಿಯನ್ನು ಅನ್ನಕ್ಕಲ್ಲ, ಮೋಮೊಗೆ ಹಚ್ಚಿಕೊಂಡು ತಿನ್ನುತ್ತಿದ್ದಳು. ದಿಲ್‌ಗೆ ಇಷ್ಟ ಎಂದು ತಂದಿದ್ದೆ. ಸಾವಿನ ಮನೆಗೆ ಚಟ್ನಿಪುಡಿ ಒಯ್ಯುತ್ತಾರೆಯೇ ಎಂದು ಅಲ್ಲಿ ನಿಂತಾಗ ಹೊಳೆಯಿತು, ಆದರೆ ತಂದಾಗಿತ್ತು.

ಅವರಿಗೆ ವಾರದ ರಜೆ ಶನಿವಾರ. ನಾವು ಇಳಿದದ್ದು ಶನಿವಾರ. ಹೆಂಗಸರು ಮನೆಯ ಮುಂದೆ ಬಿಸಿಲಿಗೆ ಬೆನ್ನು ಕೊಟ್ಟು ಕೂತು, ಒಬ್ಬರ ತಲೆ ಒಬ್ಬರು ಎಣ್ಣೆ ಹಾಕಿ ಬಾಚುತ್ತಿದ್ದರು. ಬಿಸಿಲು ಸರಿದ ಹಾಗೆ ಮಣೆಯನ್ನೂ ಸರಿಸಿಕೊಳ್ಳುತ್ತಿದ್ದರು. ನಮ್ಮ ಕಡೆ ಬಿಸಿಲು ಯಾರಿಗೆ ಬೇಕು? ಬಿಸಿಲು ಬಂತೆಂದರೆ ನೆರಳಿಗೆ ಓಡುವ ಜನ ನಾವು. ಇಲ್ಲಿ ಬಿಸಿಲನ್ನು ಹಿಂಬಾಲಿಸುತ್ತಾರೆ. ನನಗದು ಸೋಜಿಗವಾಗಿ ಕಂಡಿತು, ಅಷ್ಟೇ. ಅದನ್ನು ಮುಂದೆ ನೆನೆಯಬೇಕಾದೀತು ಎಂದು ಅಂದುಕೊಂಡಿರಲಿಲ್ಲ.

ಬೇನಿ

ಪೋಖರಾದಲ್ಲಿ ಕೆರೆ ಇದೆ, ಹಿಮದ ಬೆಟ್ಟಗಳು ಕಾಣುತ್ತವೆ, ಎಲ್ಲರೂ ಫೋಟೋ ತೆಗೆಯುತ್ತಾರೆ. ನಾನು ಆ ಬೆಳ್ಳಗಿನ ಬೆಟ್ಟವನ್ನು ಒಮ್ಮೆ ನೋಡಿ ಮುಖ ತಿರುಗಿಸಿಕೊಂಡೆ. ನನ್ನ ಪಾಲಿಗೆ ಅದು ಚಂದವಾಗಿರಲಿಲ್ಲ.

ಬೇನಿಗೆ ಬರುವ ರಸ್ತೆಯಲ್ಲಿ ಬಸ್ಸು ಒಂದು ಕಡೆ ಹೊಳೆಯನ್ನೂ ಒಂದು ಕಡೆ ಬಂಡೆಯನ್ನೂ ಸವರಿಕೊಂಡು ಹೋಗುತ್ತದೆ. ಕಂಡಕ್ಟರ್ ಪ್ಲಾಸ್ಟಿಕ್ ಕವರುಗಳ ಕಟ್ಟು ಹಿಡಿದು ಬಂದು ಪ್ರಸಾದದ ಹಾಗೆ ಎಲ್ಲರಿಗೂ ಹಂಚಿದ. ಯಾಕೆಂದು ಅರ್ಧ ದಾರಿಯಲ್ಲಿ ತಿಳಿಯಿತು. ನನ್ನ ಪಕ್ಕದ ಅಪರಿಚಿತ ಹೆಂಗಸು ನನ್ನ ಬೆನ್ನು ನೀವಿ, ಒಂದು ಕಿತ್ತಳೆ ಸುಲಿದು ಸಿಪ್ಪೆಯನ್ನು ನನ್ನ ಮೂಗಿಗೆ ಹಿಡಿದಳು. ಭಾಷೆ ಬರದಿದ್ದರೂ ಅವಳಿಗೆ ನನ್ನ ಹೊಟ್ಟೆಯ ಪಾಡು ಗೊತ್ತಿತ್ತು. ನಮ್ಮ ಕೆಎಸ್‌ಆರ್‌ಟಿಸಿಯಲ್ಲಾದರೆ ಸೀಟು ಬಿಟ್ಟು ಎದ್ದು ಹೋಗುತ್ತಿದ್ದರು.

ಬೇನಿಯಲ್ಲಿ ದಿಲ್ ನಿಂತಿದ್ದ. ನಾನು ಗುರುತು ಹಿಡಿಯಲಿಲ್ಲ. ಪೆರೇಸಂದ್ರದಲ್ಲಿ ಬಾಣಲೆ ಝಾಡಿಸುತ್ತ ಹಾಡು ಹೇಳುತ್ತಿದ್ದವನು ಹೆಗಲು ಮುದುಡಿಕೊಂಡು, ಗಡ್ಡ ಬಿಟ್ಟುಕೊಂಡು ನಿಂತಿದ್ದಾನೆ. ಬಾರಿಸೋಣವೆಂದು ಬಂದವಳು ನಾನು. "ಊಟ ಮಾಡ್ದೇನೋ?" ಎಂದೆ. ತಲೆಯಾಡಿಸಿದ, ಹೌದೋ ಅಲ್ಲವೋ ತಿಳಿಯಲಿಲ್ಲ.

ಒಂದು ಸಣ್ಣ ಹೋಟೆಲ್ಲಿಗೆ ಕರೆದೊಯ್ದ. ತಟ್ಟೆಯಲ್ಲಿ ಬಂದದ್ದು ಕಂದು ಬಣ್ಣದ ಮುದ್ದೆ! ಢಿಂಡೊ ಎನ್ನುತ್ತಾರೆ. ರಾಗಿಯದೇ. ನಮ್ಮದರ ಹಾಗೆ ಉಂಡೆ ಕಟ್ಟಿರುವುದಿಲ್ಲ, ಸುರಿದ ಹಾಗೆ ಇರುತ್ತದೆ, ಆದರೆ ಅಗಿಯದೆ ನುಂಗುವುದು ಹಾಗೆಯೇ. ಜೊತೆಗೆ ಹುಳಿಹುಳಿಯಾದ ಒಂದು ಕಪ್ಪು ಸೊಪ್ಪಿನ ಸಾರು. "ಇದೇ ಅಕ್ಕಾ ಗುಂದ್ರುಕ್" ಎಂದ ದಿಲ್. ಸಾಸಿವೆ ಸೊಪ್ಪನ್ನು ಹುಳಿ ಬರಿಸಿ ಬಿಸಿಲಲ್ಲಿ ಒಣಗಿಸಿ ಇಟ್ಟುಕೊಳ್ಳುತ್ತಾರೆ, ಚಳಿಗಾಲವೆಲ್ಲ ಅದೇ ಸಾರು. ಬಿಸಿಲು ಸಾಲದಿದ್ದರೆ ಬೂಸ್ಟು ಹಿಡಿದು ಹಾಳಾಗುತ್ತದೆ. ಸುಕ್‌ಮಾಯಾ ಒಣಗಿಸಬೇಕೆಂದಿದ್ದ ಸೊಪ್ಪು ಇದೇ.

"ಕಂಬ ತೆಗೆದ್ಯೇನೋ?" ಎಂದು ಕೇಳಿಯೇಬಿಟ್ಟೆ.

"ನೀವೇ ನೋಡಿ ಅಕ್ಕಾ" ಎಂದ.

ತಿರುವು

ಬೇನಿಯಿಂದ ಮೇಲಕ್ಕೆ ಜೀಪು. ಹತ್ತಿದಷ್ಟೂ ಮರ ಕಡಿಮೆ, ಚಳಿ ಹೆಚ್ಚು. ನಾನು ಎರಡು ಸೀರೆ, ಯಜಮಾನರ ಸ್ವೆಟರ್, ಅದರ ಮೇಲೆ ಅಮೀರ್‌ಜಾನನ ಶಾಲು ಹೊದ್ದಿದ್ದೆ. ಮನೆಗಳಿಗೆಲ್ಲ ಕಲ್ಲುಚಪ್ಪಡಿಯ ಕಡಿದಾದ ಇಳಿಜಾರು ಮಾಡು. ಒಂದೇ ಒಂದು ಮಟ್ಟಸ ಚಾವಣಿ ನನ್ನ ಕಣ್ಣಿಗೆ ಬೀಳಲಿಲ್ಲ. ಅಮೀರ್‌ಜಾನನೂ ಅದನ್ನೇ ನೋಡುತ್ತಿದ್ದ, ನನಗೆ ಗೊತ್ತಿತ್ತು.

ತಿರುವಿನಲ್ಲಿ ಪೆಟ್ಟಿಗೆ ನಿಂತಿತ್ತು. ಗೋಡೆಗಳು ನೆಟ್ಟಗೆ, ಹಳದಿ ಬಣ್ಣ ಹೊಸದರ ಹಾಗೆ. ಮುಂದುಗಡೆ ಸುಕ್‌ಮಾಯಾ ತಾನೇ ಬರೆದ ಬೋರ್ಡು. ನೇಪಾಳಿ ಅಕ್ಷರದಲ್ಲಿ "ಪೆರೇಸಂದ್ರ ಹೋಟೆಲ್" ಎಂದಿದೆಯಂತೆ, ದಿಲ್ ಓದಿ ಹೇಳಿದ. ಒಳಗೆ ಕಾಲಿಟ್ಟರೆ ಆಕಾಶ. ನಡುವಿನ ಕಂಬ ಗಟ್ಟಿಯಾಗಿ ನಿಂತಿತ್ತು, ಬೋಲ್ಟುಗಳೆಲ್ಲ ನಾವು ಬಿಗಿದ ಹಾಗೆಯೇ ಇದ್ದವು. ಚಾವಣಿ ಆ ಕಂಬದ ಎರಡೂ ಕಡೆ ಮುರಿದು, ಗೋಣಿಚೀಲದ ಹಾಗೆ ಒಳಕ್ಕೆ ಜೋತುಬಿದ್ದಿತ್ತು. ಒಲೆಕಟ್ಟೆ ಇದ್ದ ಕಡೆಯೇ ಪೂರ್ತಿ ಕೆಳಗೆ. ಅಲ್ಲಿಗೆ ನಾನು ಹೋಗಲಿಲ್ಲ.

ಅಮೀರ್‌ಜಾನ್ ಹೋದ. ತಗಡನ್ನು ಕೈಯಿಂದ ಸವರಿದ, ಮೂಲೆಯ ತೂತಿಗೆ ಬೆರಳು ಹಾಕಿದ. ತೂತಿನಲ್ಲಿ ಕಲ್ಲಿನಂಥ ಐಸು. ನೀರು ಹೋಗುವ ದಾರಿ ಮುಚ್ಚಿದೆ, ಕರಗಿದ್ದು ಅಲ್ಲೇ ಹೆಪ್ಪುಗಟ್ಟಿದೆ, ಅದರ ಮೇಲೆ ಮತ್ತೆ ಬಿದ್ದಿದೆ. ಜಾರಿ ಹೋಗದಂತೆ ಸುತ್ತ ನಮ್ಮ ಅಂಚು ಹಿಡಿದುಕೊಂಡಿದೆ. ಅಂಚಿನ ಒಳಮೈಗೆ ಕಪ್ಪಗಿನ ಎಲೆಗಳು ಒದ್ದೆಯಾಗಿ ಅಂಟಿಕೊಂಡಿದ್ದವು. ಒಣಗಲು ಹಾಕಿದ ಗುಂದ್ರುಕ್. ಹಾರಿಹೋಗಿರಲಿಲ್ಲ.

"ಪ್ರತಿ ಸಲ ನಾನೇ ಹತ್ತಿ ನೂಕ್ತಿದ್ದೆ ಅಕ್ಕಾ. ಅವತ್ತೊಂದಿನ ಇರ್ಲಿಲ್ಲ" ಎಂದ ದಿಲ್.

ರಸ್ತೆಯ ನೆರಳಿನಲ್ಲಿ ಹಳೆಯ ಹಿಮದ ರಾಶಿ ಇನ್ನೂ ಉಳಿದಿತ್ತು. ಅವನು ಒಂದು ಬಕೆಟ್ ತುಂಬಿಸಿ ನನ್ನ ಮುಂದೆ ಇಟ್ಟು, "ಎತ್ತಿ ನೋಡಿ" ಎಂದ. ಒಂದು ಕೈಯಲ್ಲಿ ಎತ್ತಲು ಹೋದೆ, ಅಲುಗಲಿಲ್ಲ. ಎರಡು ಕೈ ಹಾಕಿದೆ. ಕಟ್ಟಡದ ಕೆಲಸದ ಒದ್ದೆ ಮರಳಿನ ತೂಕವಿತ್ತು. ಅಮ್ಮಾ, ಇದೇನಾ ಹತ್ತಿ! ಐವತ್ತು ವರ್ಷ ಬದುಕಿ, ಹೋಟೆಲ್ ಕಟ್ಟಿ ಕಳಿಸಿ, ಇಷ್ಟೂ ಗೊತ್ತಿಲ್ಲದೆ ಹೋಯಿತಲ್ಲ ಎಂದು ಅಲ್ಲೇ ರಸ್ತೆಯ ಮೇಲೆ ಕೂತು ಅತ್ತೆ. ಹೋಗುತ್ತಿದ್ದ ಟ್ರಕ್ಕಿನವನು ನಿಲ್ಲಿಸಿ ಏನಾಯಿತೆಂದು ಕೇಳಿದ.

ಸಂಜೆ ದಿಲ್‌ನ ಪರಿಚಯದವರ ಮನೆಯಲ್ಲಿ ಒಲೆಯ ಮುಂದೆ ಕೂತಾಗ ಅಮೀರ್‌ಜಾನ್ ನಿಧಾನಕ್ಕೆ ಹೇಳಿದ: "ನಾಳೆ ಆ ತಾಯಿ ಹತ್ರ ಹೋದಾಗ, ಅಂಚು ಬೇಕು ಅಂದಿದ್ದು ಸುಕ್‌ಮಾಯಾನೇ ಅಂತ ಹೇಳ್ಬೇಡಿ ಅಮ್ಮಾ. ಸತ್ತೋಳ ಮೇಲೆ ಹಾಕಿದಂಗಾಗ್ತದೆ."

"ನಂಗಷ್ಟು ತಿಳಿಯಲ್ವೇನೋ? ನಾನೇ ಹಠ ಮಾಡಿ ಇಡಿಸಿದ್ದು ಅಂತೀನಿ. ಬೈಯೋದಾದ್ರೆ ನನ್ನನ್ನ ಬೈಲಿ" ಎಂದೆ. ದಿಲ್ ನನ್ನ ಕಾಲು ಮುಟ್ಟಿದ. ಮೂವರದೂ ಒಂದೇ ಮಾತಾಯಿತು.

ಅಜ್ಜಿಯ ಅಂಗಳ

ಆ ಮನೆ ತಿರುವಿನಿಂದ ಕೆಳಗೆ, ಬೆಟ್ಟದ ಸಂದಿಯಲ್ಲಿದೆ. ಸುತ್ತ ಕಲ್ಲಿನ ಗಿಡ್ಡ ಗೋಡೆ. ಹಿಂದೆ ಬೆಟ್ಟ, ಮುಂದೆ ಬೆಟ್ಟ. ಅಂಗಳದಲ್ಲಿ ಚಾಪೆಯಷ್ಟು ಬಿಸಿಲು ಬಿದ್ದಿತ್ತು. ನಿಜಕ್ಕೂ ಅಲ್ಲೊಂದು ಚಾಪೆ ಇತ್ತು, ಅದರ ಮೇಲೆ ಸೊಪ್ಪು. ಮುದುಕಿ ಕೂತುಕೊಂಡೇ ಬಿಸಿಲು ಸರಿದ ಕಡೆಗೆ ಚಾಪೆಯನ್ನು ಎಳೆಯುತ್ತಿದ್ದಳು.

ದಿಲ್ ಗೋಡೆಯ ಹೊರಗೆ ನಿಂತ. ಒಳಗಿನಿಂದ ಉಣ್ಣೆಯ ಟೋಪಿ ಹಾಕಿಕೊಂಡ ಒಂದು ಮಗು ಓಡಿಬಂತು. "ದೊಡ್ಡಮ್ಮಾ! ಅಮೀರ್ ಮಾಮಾ! ನೀವೆಂಗ್ ಬಂದ್ರಿ?" ಆ ಬೆಟ್ಟದಲ್ಲಿ, ಆ ಚಳಿಯಲ್ಲಿ, ಪೆರೇಸಂದ್ರದ ಕನ್ನಡ. ಅಪ್ಪಿಕೊಂಡರೆ ಕೆನ್ನೆ ತಣ್ಣಗೆ ಕೊರೆಯುತ್ತಿತ್ತು. ಅಪ್ಪನನ್ನು ನೋಡಿ ಗೋಡೆಯ ಕಡೆಗೆ ಎರಡು ಹೆಜ್ಜೆ ಹೋದಳು. ಅಜ್ಜಿ ಕೆಮ್ಮಿದಳು. ಮಗು ನಿಂತಿತು.

ಅಜ್ಜಿಗೆ ಹಿಂದಿ ಬಾರದು. ಪಕ್ಕದ ಮನೆಯಲ್ಲಿ ಇಂಡಿಯಾದ ಸೈನ್ಯದಲ್ಲಿದ್ದು ಬಂದ ಒಬ್ಬ ಮುದುಕನಿದ್ದಾನೆ, ಅವನು ಹಿಂದಿ ಬಲ್ಲವನು, ಅವನನ್ನು ಕೂರಿಸಿಕೊಂಡು ಮಾತಾಡೋಣ ಎಂದು ದಿಲ್ ಹೇಳಿದ್ದ. ಆ ಮುದುಕ ಪಿಂಚಣಿ ತರಲು ಬೇನಿಗೆ ಇಳಿದಿದ್ದಾನೆ, ಯಾವತ್ತು ಬರುತ್ತಾನೋ ತಿಳಿಯದು. ದಿಲ್ ಬಾಯಿ ತೆರೆದರೆ ಅಜ್ಜಿ ಎದ್ದು ಒಳಗೆ ಹೋಗುತ್ತಾಳೆ. ಉಳಿದದ್ದು ಎಂಟು ವರ್ಷದ ಆಶಾ.

ಮಗುವಿನ ಬಾಯಲ್ಲಿ ಅವಳ ತಾಯಿಯ ಸಾವನ್ನು ಆಡಿಸುವುದೇ? ನಾನು ಅಮೀರ್‌ಜಾನನ ಮುಖ ನೋಡಿದೆ. ಆಶಾ ತಾನೇ ಹೇಳಿದಳು: "ಹೇಳಿ ದೊಡ್ಡಮ್ಮ. ನಾನ್ ಅಜ್ಜಿಗೆ ಹೇಳ್ತೀನಿ. ಸ್ಕೂಲಲ್ಲಿ ಮಿಸ್ ಹೇಳಿದ್ದೂ ನಾನೇ ಅಜ್ಜಿಗೆ ಹೇಳೋದು."

ಅಜ್ಜಿ ನಮಗೆ ಕೂರಲು ಹುಲ್ಲಿನ ಚಾಪೆ ಹಾಕಿಸಿದಳು. ಮುಖದಲ್ಲಿ ಏನೂ ಇರಲಿಲ್ಲ. ನಾನು ಕೂತು, ಸೆರಗು ಸರಿಮಾಡಿಕೊಂಡು ಶುರುಮಾಡಿದೆ.

"ನಿಮ್ ಅಳಿಯ ಕಂಬ ತೆಗೆದಿಲ್ಲ ಅಂತ ಹೇಳಮ್ಮ. ಕಂಬ ನಿಂತೇ ಇದೆ, ಬೋಲ್ಟೂ ಬಿಗಿಯಾಗಿದೆ. ನಾನು ಕಣ್ಣಾರೆ ನೋಡ್ದೆ."

ಆಶಾ ಹೇಳಿದಳು. ಅಜ್ಜಿ ಒಂದು ಮಾತು ಕೇಳಿದಳು.

"ಹಂಗಾದ್ರೆ ಯಾಕ್ ಬಿತ್ತು ಅಂತವ್ರೆ."

"ಮೇಲಿಂದು ಮಟ್ಟಸ ಇತ್ತು. ಸುತ್ತ ಅಂಚಿತ್ತು. ಹಿಮ ಕೆಳಗ್ ಬೀಳ್ದೆ ಅಲ್ಲೇ ನಿಂತ್ಕೊಂಡು ಭಾರ ಆಯ್ತು. ನಮ್ಮೂರಲ್ಲಿ ಹಿಮ ಇಲ್ಲ, ಅದರ ಭಾರ ನಮಗ್ ಗೊತ್ತಿರ್ಲಿಲ್ಲ. ಅಂಚು ಬೇಕೇ ಬೇಕು ಅಂತ ಹಠ ಹಿಡಿದು ಇಡಿಸಿದ್ದು ನಾನು. ತಪ್ಪು ನಂದು. ನಿಮ್ ಅಳಿಯಂದೇನೂ ಇಲ್ಲ. ಮಗೂನ ಅಪ್ಪನ್ ಜೊತೆ ಕಳ್ಸಿ ಅಂತ ಕೈ ಮುಗೀತೀನಿ ಅನ್ನು."

ಕೈ ಮುಗಿದೆ. ಆಶಾ ನನ್ನನ್ನೇ ನೋಡಿದಳು. ಏನೋ ಲೆಕ್ಕ ತಪ್ಪಿದೆ ಎನ್ನುವ ಹಾಗೆ ಹುಬ್ಬು ಕೂಡಿಸಿದಳು. ಆಮೇಲೆ ಅಜ್ಜಿಯ ಕಡೆ ತಿರುಗಿ ಹೇಳತೊಡಗಿದಳು. ನನ್ನ ನಾಲ್ಕು ಮಾತು ನೇಪಾಳಿಯಲ್ಲಿ ಇಷ್ಟುದ್ದವಾಗುತ್ತದೆಯೇ ಎಂದು ನನಗೆ ಆಶ್ಚರ್ಯ. ಗೇಣು ತೋರಿಸಿದಳು, ಆಕಾಶ ತೋರಿಸಿದಳು, ಚಾಪೆ ತೋರಿಸಿದಳು. ಗೋಡೆಯ ಆಚೆ ದಿಲ್ ಎರಡೂ ಕೈಯಿಂದ ಕಲ್ಲು ಹಿಡಿದುಕೊಂಡ. ಸಮಾಧಾನಕ್ಕೆ ಹಾಗೆ ಮಾಡಿದ ಎಂದು ನಾನು ತಿಳಿದೆ.

ಚಾಪೆ ಎಳೆಯುತ್ತಿದ್ದ ಅಜ್ಜಿಯ ಕೈ ನಿಂತಿತು. ಬಿಸಿಲು ಮುಂದೆ ಸರಿಯಿತು, ಚಾಪೆ ನೆರಳಿಗೆ ಬಿತ್ತು. ಅವಳು ಸೊಪ್ಪನ್ನೇ ನೋಡುತ್ತ ತುಂಬ ಹೊತ್ತು ಕೂತಿದ್ದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು.

ಆಮೇಲೆ ಎದ್ದು ಒಳಗೆ ಹೋದಳು. ಮಗುವಿನ ಸ್ವೆಟರ್, ಸ್ಕೂಲ್ ಬ್ಯಾಗ್ ಹಿಡಿದು ಬಂದಳು. ಸ್ವೆಟರ್ ತೊಡಿಸಿ ಗುಂಡಿ ಒಂದೊಂದಾಗಿ ಹಾಕಿದಳು, ಟೋಪಿಯನ್ನು ಕಿವಿಯವರೆಗೆ ಎಳೆದಳು, ಬೆನ್ನ ಮೇಲೆ ಕೈಯಿಟ್ಟು "ಜಾ" ಎಂದಳು. ಆ ಮಾತು ನನಗೂ ಅರ್ಥವಾಯಿತು. ಆಶಾ ಗೋಡೆ ಹಾರಿ ಅಪ್ಪನ ಕೊರಳಿಗೆ ಬಿದ್ದಳು.

ಅಜ್ಜಿ ಚಾಪೆಯ ಮುಂದೆ ಮತ್ತೆ ಕೂತು ಸೊಪ್ಪನ್ನೆಲ್ಲ ಎರಡೂ ಕೈಯಲ್ಲಿ ಬಾಚಿ ನನ್ನ ಬಟ್ಟೆಯ ಚೀಲಕ್ಕೆ ತುಂಬಿದಳು. "ಸಾಕಮ್ಮಾ, ನಿಮಗಿರ್ಲಿ" ಎಂದೆ. ಕೇಳಲಿಲ್ಲ. ಒಂದೆಲೆಯೂ ಉಳಿಯದ ಹಾಗೆ ತುಂಬಿ, ಚಾಪೆ ಕೊಡವಿ, ಸುತ್ತಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲು ಹಾಕುವ ಮುಂಚೆ ಗೋಡೆಯಾಚೆಯ ಮಗುವಿಗೆ ಏನೋ ಒಂದು ಮಾತು ಹೇಳಿದಳು, ನನಗೆ ತಿಳಿಯಲಿಲ್ಲ.

ಇಳಿದಾರಿ

ಬೇನಿಯ ಹೋಟೆಲ್ಲೊಂದರಲ್ಲಿ ಅಡಿಗೆ ಕೆಲಸಕ್ಕೆ ಸೇರುತ್ತೇನೆ, ಅಲ್ಲೇ ಸ್ಕೂಲಿದೆ ಎಂದು ದಿಲ್ ಹೇಳಿದ. ಪೆಟ್ಟಿಗೆಯ ತಗಡನ್ನು ಯಾರೋ ಆಡಿನ ಕೊಟ್ಟಿಗೆಗೆ ಕೇಳಿದ್ದರಂತೆ. ಅಪ್ಪ ಮಗಳು ನಮ್ಮ ಜೊತೆಗೇ ಜೀಪು ಹತ್ತಿದರು.

ನನಗೆ ಒಳಗೊಳಗೇ ಹೆಮ್ಮೆ. ಬಂದ ಕೆಲಸ ಆಯಿತು. ಮಗು ಸಿಕ್ಕಿತು. ಬೈದು ಕಳಿಸಬಹುದಾಗಿದ್ದ ಮುದುಕಿ ಮಡಿಲು ತುಂಬ ಸೊಪ್ಪು ಕೊಟ್ಟು ಕಳಿಸಿದ್ದಾಳೆ, ಕ್ಷಮಿಸಿದ್ದಾಳೆ ಎಂದರ್ಥ. ತಂಗಿಗೆ ಹೇಳಬೇಕು, ಸಿಂಗಾಪುರದಲ್ಲಿ ಇದೆಲ್ಲ ಸಿಗುತ್ತದೆಯೇ ಎಂದು. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಆಶಾಳ ಗಲ್ಲ ಹಿಂಡಿದೆ.

"ಅಷ್ಟುದ್ದ ಏನೇ ಹೇಳ್ದೆ ಅಜ್ಜಿಗೆ? ನಾನ್ ಹೇಳಿದ್ದು ನಾಕು ಮಾತು!"

"ನೀವ್ ಹೇಳಿದ್ದೆಲ್ಲಾ ಹೇಳ್ದೆ" ಎಂದಳು. "ಆಮೇಲೆ, ಅಂಚಿಂದು ಮಾತ್ರ ದೊಡ್ಡಮ್ಮ ಸುಳ್ಳು ಹೇಳ್ತಾವ್ರೆ ಅಂದೆ."

ಅಮೀರ್‌ಜಾನ್ ತಿರುಗಿ ನೋಡಿದ.

"ಅಂಚು ಬೇಕು ಅಂದಿದ್ದು ಅಮ್ಮ ಅಲ್ವಾ? ನಾನೂ ಶೆಡ್ಡಲ್ಲೇ ಇದ್ನಲ್ಲ ಅವತ್ತು. ಅಜ್ಜಿ ಅಂಗಳಕ್ಕೆ ಬಿಸಿಲೇ ಬರಲ್ಲ, ಅಜ್ಜಿ ಸೊಪ್ಪು ವರ್ಷಾ ವರ್ಷಾ ಬೂಸ್ಟು ಬರ್ತದೆ, ನಮ್ ಹೋಟ್ಲು ಮೇಲೆ ಒಣಗಿಸಿ ಕೊಡಣ ಅಂತ ಅಮ್ಮ ನಂಗೆ ಹೇಳಿದ್ರು. ಮೇಲಿದ್ದಿದ್ದೆಲ್ಲಾ ಅಜ್ಜಿ ಸೊಪ್ಪೇ. ಅಂಚು ಅದಕ್ಕೇ ಇಡಿಸಿದ್ದು ಅಂತ ಅಜ್ಜಿಗೆ ಗೊತ್ತಿರ್ಲಿಲ್ಲ. ನಮ್ಮಪ್ಪಂಗೂ ಗೊತ್ತಿರ್ಲಿಲ್ಲ. ಅದಕ್ಕೇ ಹೇಳ್ದೆ."

ದಿಲ್ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದ. ಅವನ ಹೆಗಲು ಅಲುಗುತ್ತಿತ್ತು. ಜೀಪು ತಿರುವುಗಳಲ್ಲಿ ಇಳಿಯುತ್ತಲೇ ಇತ್ತು. ನಿಲ್ಲಿಸು ಎನ್ನಬೇಕು, ವಾಪಸ್ಸು ಹೋಗಬೇಕು ಎನಿಸಿತು. ಹೋಗಿ ಆ ಮುಚ್ಚಿದ ಬಾಗಿಲ ಮುಂದೆ ಏನು ಹೇಳಲಿ, ಯಾವ ಭಾಷೆಯಲ್ಲಿ ಹೇಳಲಿ?

"ಈ ಸೊಪ್ಪು ತುಂಬಿದ್ಮೇಲೆ ಅಜ್ಜಿ ಏನೋ ಅಂದ್ರಲ್ಲಮ್ಮಾ, ಏನದು?" ಎಂದೆ.

"ಎಲ್ಲಾ ತಗೊಂಡೋಗ್ಲಿ ಅಂದ್ರು. ಇನ್ಮೇಲೆ ಮಾಡಲ್ಲ ಅಂದ್ರು."

ಆಶಾ ನನ್ನ ಕೈ ಎಳೆದಳು.

"ದೊಡ್ಡಮ್ಮಾ, ನೀವ್ಯಾಕೆ ಸುಳ್ಳು ಹೇಳಿದ್ರಿ?"

"ನಿಮ್ಮಜ್ಜಿ ಅಳಬಾರ್ದು ಅಂತ ಕಣಮ್ಮ."

"ಅಜ್ಜಿ ಅಳ್ಲೇ ಇಲ್ವಲ್ಲ" ಎಂದಳು ಆಶಾ.